ದನಿಗೆ ಬಾರದ ಮರಿ

ಭೀಮಶಂಕರನ ಕೂಗು ಮೂರು ಹೊಲ ದಾಟುತ್ತದೆ ಎಂದು ಅವನ ಊರಿನಲ್ಲಿ ಹೇಳುತ್ತಾರೆ. ಊರವರ ಮಾತಿನಲ್ಲಿ ಅರ್ಧ ಕಳೆದು ಕೇಳಬೇಕು, ನಿಜ. ಆದರೆ ಈ ಮಾತಿನಲ್ಲಿ ಕಳೆಯುವಂಥದ್ದೇನೂ ಇಲ್ಲ. ಮಕ್ತಲ್ ಕಡೆಯ ಬಯಲಿನಲ್ಲಿ ನಿಂತು ಅವನು ನಾಲಗೆ ಮಡಿಚಿ "ಟ್ರುರ್ರ್ ಹೋ" ಅಂದನೆಂದರೆ ಎಂಬತ್ತು ಕುರಿಗಳು ಒಮ್ಮೆಗೇ ತಲೆಯೆತ್ತುತ್ತವೆ. ಪಕ್ಕದವರ ಜೋಳಕ್ಕೆ ಬಾಯಿ ಹಾಕಿದ್ದ ಕಳ್ಳ ಟಗರು ಕೂಡ, ಮಾವನ ಮನೆಯಲ್ಲಿ ಬೈಸಿಕೊಂಡ ಅಳಿಯನ ಹಾಗೆ ಮುಖ ತಗ್ಗಿಸಿಕೊಂಡು ಹಿಂದಿರುಗುತ್ತದೆ. ತೀರಿಕೊಂಡ ಅಪ್ಪ ಕಾಳಪ್ಪ ಅವನಿಗೆ ಬಿಟ್ಟುಹೋದದ್ದು ಆ ಮಂದೆ, ಒಂದು ಕಂಬಳಿ, ಮೈಲಾರನ ಭಂಡಾರ ತುಂಬಿದ ಒಂದು ಚೀಲ, ಜೊತೆಗೆ ಒಂದು ಮಾತು. "ದನಿಗಿ ಬರೂದು ನಮ್ಮ ಮರಿ, ದನಿಗಿ ಬರಲಾರದ್ದು ತ್ವಾಳದ ಮರಿ."

ಇಂಥ ಮನುಷ್ಯ ಈಗ, ಹುಟ್ಟಿದಾಗಿನಿಂದ ಕಿವಿ ಕೇಳಿಸದ ಒಂದು ಹುಡುಗಿಯನ್ನು ದತ್ತು ತೆಗೆದುಕೊಳ್ಳಲು ಗದ್ವಾಲಿನ ಬಸ್ಸಿನಲ್ಲಿ ಕೂತಿದ್ದ.

ಅವನ ಹೆಂಡತಿ ಭಾಗ್ಯ ಫೈಲನ್ನು ಎದೆಗವಚಿಕೊಂಡು ಪಕ್ಕದಲ್ಲಿದ್ದಳು. ಎಂಟು ವರ್ಷದ ಮಗಳು ಶಿರೀಷಾ ಕಿಟಕಿಯ ಬಳಿ, ನಾಲ್ಕು ವರ್ಷದ ಮಗ ಅಂಜಿ ಯಾರ ತೊಡೆಯೂ ಸಾಲದೆ ಎಲ್ಲರ ತೊಡೆಯ ಮೇಲೂ. ಇಬ್ಬರು ಮಕ್ಕಳಿರುವಾಗ ಮೂರನೆಯದೇಕೆ ಎಂದು ಊರೆಲ್ಲ ಕೇಳಿತ್ತು. ಭಾಗ್ಯ ತಂದೆತಾಯಿಯಿಲ್ಲದೆ ಸೋದರತ್ತೆಯ ಮನೆಯಲ್ಲಿ ಬೆಳೆದವಳು. ಆ ಸೋದರತ್ತೆ ಒಂದು ದಿನವೂ "ಇವಳು ನಮ್ಮವಳಲ್ಲ" ಎಂದವಳಲ್ಲ. "ನಾನೂ ಒಂದು ಮಗು ತಂದು, ಅದಕ್ಕ ಹಂಗ ಅನ್ನಲಾರದ ಸಾಕಬೇಕು" ಎಂದು ಭಾಗ್ಯ ಮದುವೆಯಾದ ವರ್ಷವೇ ಹೇಳಿದ್ದಳು. ಭೀಮಶಂಕರ ಆಗಲೂ ಕೋಲೆ ಬಸವನ ಹಾಗೆ ತಲೆಯಾಡಿಸಿದ್ದ. ದತ್ತುವಿಗೆ ಹೆಸರು ಬರೆಸಿದಾಗಲೂ ಆಡಿಸಿದ, ಅಧಿಕಾರಿಗಳು ಮನೆಗೆ ಬಂದು ಅಡುಗೆಮನೆಯಿಂದ ಕುರಿಹಟ್ಟಿಯವರೆಗೆ ಫೋಟೊ ತೆಗೆದುಕೊಂಡಾಗಲೂ ಆಡಿಸಿದ. ಇಬ್ಬರು ಮಕ್ಕಳಿದ್ದವರಿಗೆ ಏನಾದರೊಂದು ಊನವಿರುವ ಮಗುವನ್ನಷ್ಟೇ ಕೊಡುತ್ತಾರೆ ಎಂದಾಗ ಭಾಗ್ಯ "ಇರ್ಲಿ ಬಿಡ್ರಿ" ಎಂದಳು. ಅದಕ್ಕೂ ಆಡಿಸಿದ.

ಮಗುವಿನ ಫೋಟೊ ಬಂದ ದಿನ ಮಾತ್ರ ಅವನ ತಲೆ ಆಡಲಿಲ್ಲ. ರಜಿತಾ, ಐದು ವರ್ಷ. ಕಿವಿಗೆ ಮಷೀನು ಹಾಕಿ ನೋಡಿದ್ದರಂತೆ, ಉಪಯೋಗವಾಗಿಲ್ಲವಂತೆ.

ಅಂದಿನಿಂದ ಅವನಿಗೆ ಅನ್ನ ಇಳಿಯಲಿಲ್ಲ. ಹುಡುಗಿ ಬಾವಿಯ ಕಡೆ ನಡೆದರೆ ಏನೆಂದು ಕೂಗುವುದು? ರಸ್ತೆಗೆ ಓಡಿದರೆ? ಅವನಿಗೆ ಹನ್ನೆರಡು ವರ್ಷವಿದ್ದಾಗ ಮಂದೆಯಲ್ಲಿ ಒಂದು ಕಿವುಡು ಮರಿ ಹುಟ್ಟಿತ್ತು. ಅಚ್ಚ ಬಿಳಿ, ಮೂಗಿನ ಮೇಲೊಂದು ಕಪ್ಪು ಮಚ್ಚೆ. ಒಂದು ಮಧ್ಯಾಹ್ನ ಅದು ಮಕ್ತಲ್ ಹೆದ್ದಾರಿಗೆ ಹತ್ತಿ ಲಾರಿಗೆ ಸಿಕ್ಕಿತು. "ಎಷ್ಟು ಕೂಗಿದ್ರೂ ಬರಲಿಲ್ಲಪ್ಪಾ" ಎಂದು ಅವನು ಅತ್ತಾಗಲೇ ಅಪ್ಪ ಆ ಗಾದೆ ಹೇಳಿ ಕಣ್ಣೊರೆಸಿದ್ದು. ಮರಿ ಸತ್ತದ್ದನ್ನು ಅವನು ಇಪ್ಪತ್ತೆರಡು ವರ್ಷ ಎಲ್ಲರಿಗೂ ಹೀಗೆಯೇ ಹೇಳಿಕೊಂಡು ಬಂದಿದ್ದ.

ಈಗ ಜೂರಾಲ ಅಣೆಕಟ್ಟಿನ ಮೇಲೆ ಬಸ್ಸು ಹೋಗುತ್ತಿರುವಾಗ, ಮಕ್ಕಳು ಕೃಷ್ಣೆಯ ನೀರು ಕಂಡು ಕಿರುಚುತ್ತಿರುವಾಗ, ಅವನು ಬಾಯೊಳಗೇ ಒಂದು ವಾಕ್ಯವನ್ನು ಉರುಹೊಡೆಯುತ್ತಿದ್ದ. "ಸಾಹೇಬ್ರ, ನಮ್ಮಿಂದ ಆಗಂಗಿಲ್ಲರಿ." ಭಾಗ್ಯಳಿಗೆ ಹೇಳುವ ಧೈರ್ಯ ಇರಲಿಲ್ಲ. ಅಧಿಕಾರಿಯ ಮುಂದೆ ಹೇಳಿಬಿಟ್ಟರೆ ಹೇಳಿದ್ದು ಹೇಳಿದ ಹಾಗೆ, ಮನೆಗೆ ಹೋದ ಮೇಲೆ ಏನು ಬರುತ್ತದೋ ಬರಲಿ ಎಂದು ಅವನ ಲೆಕ್ಕ. ಹೆಂಡತಿಗೆ ಹೆದರುವ ಗಂಡಸರ ಧೈರ್ಯವೆಲ್ಲ ಇಂಥದ್ದೇ.

ಗದ್ವಾಲಿನ ಶಿಶುಗೃಹದ ಬಾಗಿಲಲ್ಲಿ ಒಂದು ಹುಡುಗಿ ಕುಕ್ಕರುಗಾಲಿನಲ್ಲಿ ಕೂತು ಚಪ್ಪಲಿ ಜೋಡಿಸುತ್ತಿದ್ದಳು. ಒಳಗಿದ್ದವರ ಚಪ್ಪಲಿಗಳೆಲ್ಲ ಅವಳ ಕೈಯಲ್ಲಿ ಜೋಡಿಜೋಡಿಯಾಗಿ ಸಾಲು ಹಿಡಿದಿದ್ದವು. ಒಂದು ಜೋಡಿ ಇಡುವುದು, ತಿರುಗಿ ಒಳಗೆ ನೋಡುವುದು, ಮತ್ತೊಂದು ಜೋಡಿ ಇಡುವುದು. ಭೀಮಶಂಕರ ಬಿಟ್ಟ ಚಪ್ಪಲಿ ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಬಿದ್ದಿತ್ತು. ಅವಳು ಅದನ್ನು ಕಂಡು, ಅವನ ಮುಖ ನೋಡಿ, ಸೊಸೆಯ ತಪ್ಪು ಹಿಡಿದ ಅತ್ತೆಯ ಹಾಗೆ ತುಟಿ ಬಿಗಿದು ಸರಿಮಾಡಿದಳು. ಫೋಟೊದ ಹುಡುಗಿಯೇ.

ಅಲ್ಲಿ ಕೆಲಸಕ್ಕಿದ್ದ ಸ್ರವಂತಿ ಎಂಬ ಹುಡುಗಿ ಹೊರಗೆ ಬಂದಳು. "ಸಾರು ಮೂಡು ಗಂಟಲಕಿ ವಸ್ತಾರಂಡಿ" ಎಂದು ತೆಲುಗಿನಲ್ಲಿ ಶುರುಮಾಡಿ, ಇವರ ಮಾತು ಕೇಳಿ ತನ್ನ ಸೊಟ್ಟ ಕನ್ನಡಕ್ಕೆ ತಿರುಗಿದಳು. "ಸಾರು ಮೀಟಿಂಗ್‌ಗಿ ಹೋಗ್ಯಾರ್ರಿ, ಮೂರಕ್ಕ ಬರ್ತಾರ. ಒಪ್ಪಿಗಿ ಕಾಗದಕ್ಕ ಅವರ ಮುಂದನ ಸಹಿ ಮಾಡಬೇಕು. ಅಲ್ಲೀತನಕ ಮಕ್ಕಳನ್ನ ಗುಡ್ಡಕ್ಕ ಕರ್ಕೊಂಡು ಹೋಗೋಣು? ಬುದ್ಧನ ಗುಡಿ ಐತಿ. ರಜಿತಾಗ ಅಲ್ಲಿ ಭಾಳ ಸೇರತೈತಿ."

ಭೀಮಶಂಕರನಿಗೆ ಮೂರು ಗಂಟೆಯೆಂದರೆ ಶಿಕ್ಷೆ ಮುಂದಕ್ಕೆ ಹೋದ ಹಾಗಾಯಿತು. ಒಂದು ಆಟೋದಲ್ಲಿ ಆರು ಮಂದಿ ತುಂಬಿಕೊಂಡು ಹೊರಟರು.

ಊರ ಹೊರಗೆ ನದಿಯ ಕಡೆ ಮುಖಮಾಡಿದ ಒಂದು ಬಂಡೆಗುಡ್ಡ. ಅದರ ನೆತ್ತಿಯ ಮೇಲೆ ಬಿಳಿಯ ಗುಮ್ಮಟ. ನಿವೃತ್ತಿಯಾದ ಒಬ್ಬ ಮಾಸ್ತರರು ತಮ್ಮ ಕೇರಿಯವರನ್ನು ಕಟ್ಟಿಕೊಂಡು ಹತ್ತು ವರ್ಷ ಕಲ್ಲು ಹೊತ್ತು ಕಟ್ಟಿಸಿದ್ದಂತೆ. ಮೂರ್ತಿ ಹೊರದೇಶದಿಂದ ಹಡಗಿನಲ್ಲಿ ಬಂತಂತೆ. ಮೆಟ್ಟಿಲು ಹತ್ತುವಾಗ ರಜಿತಾ ಎಲ್ಲರಿಗಿಂತ ಮುಂದೆ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಹಿಂದೆ ನೋಡುತ್ತಿದ್ದಳು. ನಿಧಾನಕ್ಕೆ ಬರುವವರ ಮೇಲೆ ಅವಳಿಗೆ ಸಿಟ್ಟು ಎಂದುಕೊಂಡ ಭೀಮಶಂಕರ.

ಅಂಜಿ ಅವಳ ಕಿವಿಯ ಹತ್ತಿರ ಹೋಗಿ "ಓಯ್!" ಎಂದು ಕೂಗಿ ನೋಡಿದ. ಅವಳು ಕದಲಲಿಲ್ಲ. "ಅಕ್ಕಾ, ಖರೇನ ಕೇಳ್ಸಂಗಿಲ್ಲ!" ಎಂದು ಅವನು ಶಿರೀಷಾಳಿಗೆ ಪತ್ತೇದಾರನ ಹಾಗೆ ವರದಿ ಕೊಟ್ಟ. ಭಾಗ್ಯ ಅವನ ಬೆನ್ನಿಗೊಂದು ಕೊಟ್ಟಳು.

ಬಾಗಿಲಲ್ಲಿ ಎಂಕಮ್ಮ ಎಂಬ ಮುದುಕಿ ಪೊರಕೆ ಹಿಡಿದು ಕೂತಿದ್ದಳು. ಅಲ್ಲಿ ಕಸ ಗುಡಿಸುವವಳು ಅವಳೇ, ಕಾವಲು ಕಾಯುವವಳೂ ಅವಳೇ. ಒಳಗೆ ಮಾತಾಡುವಂತಿಲ್ಲ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

"ಏನು ಏರಸಬೇಕ್ರಿ ಈ ದೇವರಿಗಿ?" ಭೀಮಶಂಕರ ಮೆಲ್ಲಗೆ ಕೇಳಿದ. "ಕಾಯಿ ತಂದಿಲ್ಲ ನಾವು."

"ಏನೂ ಬ್ಯಾಡಪ್ಪ."

"ಏನೂ?"

"ಏನೂ. ಸುಮ್ನ ಕೂಡು ಅಂತಾರ."

ಅವನಿಗೆ ಇದು ತಲೆಗೆ ಹೋಗಲಿಲ್ಲ. ಅವನು ಕಂಡ ದೇವರೆಲ್ಲ ಬೇಡುವವರೇ. ಬೀರಪ್ಪನಿಗೆ ಕಂಬಳಿ ಹಾಸಬೇಕು, ಡೊಳ್ಳು ಬಾರಿಸಬೇಕು. ಮೈಲಾರನಿಗೆ ಕುದುರೆ ಬೇಕು, ಕತ್ತಿ ಬೇಕು, ಭಂಡಾರ ಬೇಕು. ಊರಮ್ಮನಂತೂ ಟಗರಿನ ಹೆಸರು ಹಿಡಿದೇ ಕೇಳುತ್ತಾಳೆ. ಏನೂ ಬೇಡವೆನ್ನುವ ದೇವರ ಹತ್ತಿರ ಬಡವ ಏನು ಹೇಳಿ ಮಾತು ಶುರುಮಾಡಬೇಕು?

ಒಳಗೆ ಕಾಲಿಟ್ಟ. ಇಟ್ಟ ಕಾಲು ಅಲ್ಲೇ ನಿಂತಿತು.

ಮೂರಾಳೆತ್ತರದ ಬಿಳಿಯ ಮೂರ್ತಿ. ಕೈಯಲ್ಲಿ ಆಯುಧವಿಲ್ಲ, ಮೈಮೇಲೆ ಒಡವೆಯಿಲ್ಲ, ಹತ್ತಲು ವಾಹನವಿಲ್ಲ. ಕೈಗಳೆರಡೂ ತೊಡೆಯ ಮೇಲೆ ಖಾಲಿ. ಕಣ್ಣು ಅರ್ಧ ಮುಚ್ಚಿದ್ದರೂ ತನ್ನನ್ನೇ ನೋಡುತ್ತಿದೆ ಎನ್ನಿಸಿತು. ಗುಮ್ಮಟದ ಸುತ್ತ ಇದ್ದ ಸಣ್ಣ ಕಿಟಕಿಗಳಿಂದ ಬಿಸಿಲು ಕೋಲುಕೋಲಾಗಿ ಇಳಿದು ಆ ಮುಖದ ಮೇಲೆ ಬಿದ್ದಿತ್ತು. ಇಷ್ಟು ದೊಡ್ಡದು ಇಷ್ಟು ಸುಮ್ಮನಿರುವುದನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಬಯಲಲ್ಲಿಯೂ ಮೌನವಿದೆ, ಆದರೆ ಅಲ್ಲಿ ಗಾಳಿ ಇರುತ್ತದೆ, ಕುರಿಯ ಕೊರಳಗಂಟೆ ಇರುತ್ತದೆ. ಇಲ್ಲಿ ತನ್ನ ಉಸಿರು ತನಗೇ ಗದ್ದಲವೆನ್ನಿಸಿ ಅವನು ಅದನ್ನೂ ಹಿಡಿದುಕೊಂಡ.

ಮೂರ್ತಿಯ ಮುಂದೆ ಒಬ್ಬ ವಯಸ್ಸಾದ ಭಿಕ್ಷು ಕಣ್ಣು ಮುಚ್ಚಿ ಕೂತಿದ್ದರು. ಭಾಗ್ಯ ತುದಿಗಾಲಲ್ಲಿ ನಡೆದಳು. ಶಿರೀಷಾ ಕಾಲ್ಗೆಜ್ಜೆ ಸದ್ದಾಗದಂತೆ ಲಂಗ ಹಿಡಿದುಕೊಂಡಳು. ಅಂಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ರಜಿತಾ ಒಬ್ಬಳೇ ತನ್ನ ಎಂದಿನ ನಡಿಗೆಯಲ್ಲಿ ನಡೆದುಹೋದಳು. ಅದನ್ನು ಕಂಡಾಗ ಭೀಮಶಂಕರನಿಗೆ ಒಂದು ವಿಷಯ ಹೊಳೆದು ಬೆರಗಾಯಿತು. ಈ ಮೌನಕ್ಕೆ ತಾವೆಲ್ಲ ನೆಂಟರು, ಅವಳಿಗೆ ಇದು ಮನೆ. ಹುಟ್ಟಿದಾಗಿನಿಂದ ಅವಳು ಇಂಥದೊಂದು ಗುಮ್ಮಟದ ಕೆಳಗೇ ಇದ್ದಾಳೆ. ಅಲ್ಲಿ ಒಬ್ಬಳೇ ಇದ್ದಾಳೆ.

"ಅಪ್ಪಾ, ಈ ದೇವರ ಕಿವಿ ನೋಡು, ಎಷ್ಟು ಉದ್ದ ಅದಾವು!" ಅಂಜಿ ಬೆರಳ ಸಂದಿಯಿಂದ ಪಿಸುಗುಟ್ಟಿದ.

ರಜಿತಾಳೂ ಅದನ್ನೇ ನೋಡುತ್ತಿದ್ದಳು. ಹೆಗಲವರೆಗೆ ಇಳಿದ ಆ ಕಿವಿಗಳನ್ನು ನೋಡಿ ತನ್ನ ಕಿವಿಯನ್ನು ಎಳೆದು ನೋಡಿಕೊಂಡಳು. ಪೀಠ ಎತ್ತರ, ಅವಳು ಗಿಡ್ಡ. ಕಾಣುತ್ತಿಲ್ಲವೆಂದು ಹಿಂದೆ ಸರಿದು ಸರಿದು ಭೀಮಶಂಕರನ ಮೊಣಕಾಲಿಗೆ ಡಿಕ್ಕಿ ಹೊಡೆದಳು. ತಿರುಗಿ ನೋಡಿ, ಇವನೇ ಆದೀತು ಎನ್ನುವ ಹಾಗೆ ಎರಡೂ ಕೈ ಮೇಲೆತ್ತಿದಳು.

ಕುರುಬನಿಗೆ ಮರಿಯನ್ನು ಎತ್ತುವುದಕ್ಕೆ ಇರುವ ಜಾಗ ಒಂದೇ. ಅವನು ಯೋಚಿಸುವ ಮೊದಲೇ ಕೈ ಅವಳನ್ನು ಎತ್ತಿ ಕುತ್ತಿಗೆಯ ಮೇಲೆ ಕೂರಿಸಿತ್ತು. ಸಣ್ಣ ಕಾಲುಗಳು ಅವನ ಗಂಟಲಿನ ಎರಡೂ ಕಡೆ ಇಳಿಬಿದ್ದವು. ಅವಳ ಭಾರ ಕುತ್ತಿಗೆಯ ಮೇಲೆ ಕೂತಾಗ, ಆ ದೊಡ್ಡ ಮುಖ ಮೇಲಿನಿಂದ ನೋಡುತ್ತಿರುವಾಗ, ಅವನೊಳಗೆ ಏನೋ ಉಕ್ಕಿ ಬಂತು. ಹಾಗೆ ಉಕ್ಕಿದಾಗ ಏನು ಮಾಡಬೇಕೆಂದು ಅವನ ಕೈಗೆ ಗೊತ್ತಿದ್ದುದು ಒಂದೇ ಕೆಲಸ. ಸೊಂಟದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಭಂಡಾರ ತೆಗೆದು ಮೇಲಕ್ಕೆ ತೂರಿಬಿಟ್ಟ.

ಅರಿಸಿನದ ಪುಡಿ ಬಿಸಿಲಕೋಲಿನಲ್ಲಿ ಹೊಳೆಯುತ್ತ ಬಿಳಿಯ ನೆಲದ ಮೇಲೆಲ್ಲ ಇಳಿಯಿತು. ಎಂಕಮ್ಮ ಬಾಗಿಲಲ್ಲಿ ಹಾ ಎಂದು ಬಾಯಿ ತೆರೆದಳು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಭಂಡಾರ ಹಾರಿದಾಗ ಏನು ಮಾಡಬೇಕೆಂದು ಅಂಜಿಗೆ ಅಜ್ಜಿ ಹಣಮಮ್ಮ ತೊಟ್ಟಿಲಲ್ಲೇ ಕಲಿಸಿದ್ದಳು. ಅವನು ಬಾಯಿಂದ ಎರಡೂ ಕೈ ತೆಗೆದು, ಎದೆ ಉಬ್ಬಿಸಿ, ಗುಮ್ಮಟ ಹಾರಿಹೋಗುವ ಹಾಗೆ ಕೂಗಿದ.

"ಏಳುಕೋಟಿ ಏಳುಕೋಟಿ ಏಳುಕೋಟಿಗೋ!"

ಗುಮ್ಮಟ ಆ ಕೂಗನ್ನು ಹಿಡಿದು ಸುತ್ತಿಸಿ ಸುತ್ತಿಸಿ ಕೆಳಕ್ಕೆ ಬಿಟ್ಟಿತು. ಭಾಗ್ಯ ಕಣ್ಣಲ್ಲೇ ಮಗನನ್ನು ಸುಟ್ಟಳು. ಮೈಲಾರನ ಮಕ್ಕಳಲ್ಲಿ ಒಂದು ಕಟ್ಟು ಇದೆ. ಒಬ್ಬರು ಏಳುಕೋಟಿ ಕೂಗಿದರೆ ಕೇಳಿದವರು ಮಾರುತ್ತರ ಕೊಡಲೇಬೇಕು, ಕೂಗನ್ನು ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಕೂಗಿದವನಿಗೆ ಕೇಡು. ಕೂಗಿದವನು ನಾಲ್ಕು ವರ್ಷದ ಅವನ ಮಗ. ಭಿಕ್ಷು ಕೂತಿದ್ದಾರೆ, ಗೋಡೆಯ ಮೇಲೆ ಮೌನ ಎಂದು ಬರೆದಿದೆ, ಕೂಗು ಇನ್ನೂ ತಲೆಯ ಮೇಲೆ ಸುತ್ತುತ್ತಿದೆ. ಅರ್ಧ ದನಿಯಲ್ಲಿ ಹೇಳಿ ಮುಗಿಸೋಣ ಎಂದು ಬಾಯಿ ತೆರೆದ. ಅವನಿಗೆ ಅರ್ಧ ದನಿ ಎಂಬುದು ಇದ್ದರೆ ತಾನೆ?

"ಛಾಂಗಮಲೋ!"

ಕಿಟಕಿಯಲ್ಲಿದ್ದ ಪಾರಿವಾಳಗಳು ಎದ್ದು ಹಾರಿದವು. ಬಾಗಿಲ ಕಡೆಯಿಂದ ಇನ್ನೊಂದು "ಛಾಂಗಮಲೋ" ಕೇಳಿತು. ಎಂಕಮ್ಮ ಪೊರಕೆಯನ್ನು ಎದೆಗಿಟ್ಟುಕೊಂಡು ಕೈಮುಗಿದಿದ್ದಳು. ಅವಳ ಮನೆದೇವರೂ ಮೈಲಾರನೇ ಇರಬೇಕು.

ಕುತ್ತಿಗೆಯ ಮೇಲೆ ರಜಿತಾ ಅವನ ಕೂದಲನ್ನು ಬಿಗಿಯಾಗಿ ಹಿಡಿದಳು. ಹೆದರಿತು ಮಗು, ಎಂದುಕೊಂಡ. ಆಮೇಲೆ ಒಂದು ಪುಟ್ಟ ಕೈ ಕೂದಲು ಬಿಟ್ಟು ಕೆನ್ನೆಯ ಮೇಲಿಂದ ಇಳಿದು, ಗಡ್ಡ ತಡಕಿ, ಗಂಟಲಿಗೆ ಬಂದು ನಿಂತಿತು. ಬೆರಳುಗಳು ಅಲ್ಲಿ ಏನನ್ನೋ ಹುಡುಕಿದವು. ಸಿಗಲಿಲ್ಲ. ಅವಳು ಗಂಟಲನ್ನು ಮೆಲ್ಲಗೆ ತಟ್ಟಿದಳು. ಒಮ್ಮೆ, ಮತ್ತೊಮ್ಮೆ. ಮುಚ್ಚಿದ ಬಾಗಿಲು ತಟ್ಟುವ ಹಾಗೆ.

ಭಿಕ್ಷು ಕಣ್ಣು ತೆರೆದಿದ್ದರು. "ತಪ್ಪಾತ್ರೀ ಸ್ವಾಮಿ" ಎಂದ ಭೀಮಶಂಕರ, ನೆಲ ಬಾಯಿಬಿಡಬಾರದೇ ಎಂದುಕೊಳ್ಳುತ್ತ.

"ಮಗು ಏನೋ ಕೇಳಾಕ ಹತ್ತೈತಲ್ಲ" ಎಂದರು ಅವರು.

"ಅಕಿಗಿ ಮಾತು ಬರಂಗಿಲ್ರಿ."

"ಕೇಳಾಕ ಹತ್ತೈತಿ, ನೋಡ್ರಿ. ಇನ್ನೊಮ್ಮಿ ಕೂಗಂತ."

"ಇಲ್ಲೇನ್ರಿ?"

"ಇಲ್ಲೇ ಕೇಳ್ಯಾಳ, ಇಲ್ಲೇ ಕೊಡ್ರಿ. ನಾವು ಇಡೀ ದಿನ ಸುಮ್ನ ಕೂಡೋರು, ಒಂದು ಗಳಿಗಿ ಕಾದರ ಏನಾತು?"

ಭೀಮಶಂಕರ ಈ ಸಲ ಮಂದೆಯ ಕೂಗನ್ನೇ ಕೂಗಿದ. ತಗ್ಗಿನ ದನಿಯಲ್ಲಿ, ಎದೆಯಿಂದ ಎಳೆದು. "ಟ್ರುರ್ರ್ ಹೋ." ಗಂಟಲು ಬೆರಳುಗಳ ಕೆಳಗೆ ನಡುಗಿತು. ತಲೆಯ ಮೇಲೆ ರಜಿತಾ ನಕ್ಕಳು. ಮರಿ ಹಾಲು ಕುಡಿಯುವಾಗ ಬರುವಂಥ ಸಣ್ಣ, ಒದ್ದೆಯಾದ ಸದ್ದು. ಅದು ಅವಳ ದನಿ. ಭಾಗ್ಯ ಸೆರಗು ಬಾಯಿಗಿಟ್ಟುಕೊಂಡಳು. ಸ್ರವಂತಿ, "ಇದೇ ಮೊದಲು... ನವ್ವಿಂದಿ" ಎಂದು, ಮಗು ನಕ್ಕದ್ದು ಇದೇ ಮೊದಲೆಂಬುದನ್ನು ಎರಡು ಭಾಷೆಯಲ್ಲಿ ಅರ್ಧರ್ಧ ಹೇಳಿ ಅತ್ತುಬಿಟ್ಟಳು. ಮೂರ್ತಿಯ ಮುಖ ಇದ್ದ ಹಾಗೇ ಇತ್ತು. ಆದರೂ ಅದು ಎಲ್ಲವನ್ನೂ ಕೇಳಿಸಿಕೊಂಡಿತು ಎಂದು ಭೀಮಶಂಕರ ಇಂದಿಗೂ ಆಣೆ ಮಾಡಿ ಹೇಳುತ್ತಾನೆ.

"ಕೂಗಿದ್ದು ಆತಲ್ಲ, ಈಗ ವರಸೋರು ಯಾರಪ್ಪ?" ಎಂಕಮ್ಮ ಒಂದು ಬಟ್ಟೆ ತಂದು ಅವನ ಕೈಗಿಟ್ಟಳು. ಅವನು ಮೊಣಕಾಲೂರಿ ಅರಿಸಿನ ಒರೆಸಿದ. ರಜಿತಾ ತನ್ನ ಫ್ರಾಕಿನ ಅಂಚಿನಿಂದ ಒರೆಸಿದಳು. ಶಿರೀಷಾ ಒಂದಿಷ್ಟು ಎತ್ತಿ ಹಣೆಗೆ ಹಚ್ಚಿಕೊಂಡಿದ್ದನ್ನು ನೋಡಿ ಅವಳೂ ಹಚ್ಚಿಕೊಂಡಳು, ಹಣೆಗಿಂತ ಮೂಗಿಗೇ ಹೆಚ್ಚಾಗಿ.

ಹೊರಗೆ ಬಂದು ಬಂಡೆಯ ಮೇಲೆ ಕೂತಾಗ ಗಂಟೆ ಎರಡಾಗಿತ್ತು. ದೂರದಲ್ಲಿ ಕೃಷ್ಣೆ ಹೊಳೆಯುತ್ತಿದ್ದಳು. ಮಕ್ಕಳು ಕೆಳಗಿನ ಬಂಡೆಗಳ ನಡುವೆ ಆಡುತ್ತಿದ್ದರು. ಭೀಮಶಂಕರ ಗಂಟಲು ಸವರಿಕೊಂಡ. ಎದೆ ತುಂಬಿತ್ತು, ಆದರೆ ಅವನು ದಡ್ಡನಲ್ಲ. ಹೆಗಲ ಮೇಲಿರುವಾಗ ಸರಿ. ಹೆಗಲಿಂದ ಇಳಿದ ಮೇಲೆ? ಹಳೆಯ ವಾಕ್ಯ ಮತ್ತೆ ನಾಲಗೆಗೆ ಬಂತು. ಸಾಹೇಬ್ರ, ನಮ್ಮಿಂದ ಆಗಂಗಿಲ್ಲರಿ.

ಆಗಲೇ ರಜಿತಾ ಒಂದು ಚಿಟ್ಟೆಯ ಹಿಂದೆ ಬಿದ್ದು ಬಂಡೆಯ ಅಂಚಿನ ಕಡೆ ನಡೆದದ್ದು ಕಂಡಿತು. ಅಂಚಿನಾಚೆ ಎರಡಾಳು ಆಳ.

"ರಜಿತಾ!" ಎದ್ದು ನಿಂತು ಕೂಗಿದ. ಮೂರು ಹೊಲ ದಾಟುವ ಕೂಗು. ಶಿರೀಷಾ ತಿರುಗಿದಳು, ಅಂಜಿ ತಿರುಗಿದ, ಕೆಳಗೆ ಆಟೋದವನೂ ತಿರುಗಿದ. ಅವಳು ತಿರುಗಲಿಲ್ಲ. ಒಂದು ಹೆಜ್ಜೆ, ಎರಡು, ಮೂರು. ಭೀಮಶಂಕರ ಬಂಡೆಯಿಂದ ಧುಮುಕಿದ. ನಾಲ್ಕು.

ನಾಲ್ಕನೆಯ ಹೆಜ್ಜೆಗೆ ಅವಳು ನಿಂತು ಹಿಂದೆ ನೋಡಿದಳು.

ಅವನನ್ನೇ ನೋಡಿದಳು. ಅವನು ಗಾಳಿಯಲ್ಲಿ ಕೈ ಬೀಸಿದ. ಅಷ್ಟೇ ಸಾಕಾಯಿತು. ಚಿಟ್ಟೆಯನ್ನು ಅಲ್ಲೇ ಬಿಟ್ಟು ಓಡಿ ಬಂದಳು.

ಭೀಮಶಂಕರ ಅಲ್ಲೇ ಕೂತ. ಚಪ್ಪಲಿ ಜೋಡಿಸುವಾಗಲೂ ನೋಡಿದ್ದಳು, ಮೆಟ್ಟಿಲ ಮೇಲೂ ನೋಡಿದ್ದಳು. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ, ನನ್ನವರು ಇದ್ದಾರೋ ಇಲ್ಲವೋ ಎಂದು ಈ ಮಗು ಬೆಳಗಿನಿಂದ ನೋಡುತ್ತಲೇ ಇತ್ತು. ಆಗ ಇಪ್ಪತ್ತೆರಡು ವರ್ಷ ತುಳಿದಿಟ್ಟಿದ್ದ ಒಂದು ಮಧ್ಯಾಹ್ನ ಅವನ ಕಣ್ಣ ಮುಂದೆ ಎದ್ದು ನಿಂತಿತು. ಆ ಬಿಳಿ ಮರಿಯೂ ಹೀಗೆಯೇ ನೋಡುತ್ತಿತ್ತು. ನಾಲ್ಕು ಬಾಯಿ ಹುಲ್ಲು, ಒಮ್ಮೆ ತಲೆಯೆತ್ತಿ ನೋಟ. ಅವತ್ತೂ ರಸ್ತೆಯ ಅಂಚಿನಲ್ಲಿ ನಿಂತು ಅದು ನೋಡಿರಬೇಕು. ಹನ್ನೆರಡು ವರ್ಷದ ಅವನು ಬೇವಿನ ನೆರಳಲ್ಲಿ ಅಂಗಾತ ಮಲಗಿ, ಕಣ್ಣು ಮುಚ್ಚಿಕೊಂಡು, ಬಾಯಿಂದ ಮಾತ್ರ ಕೂಗುತ್ತಿದ್ದ. ಇದನ್ನು ಅವನು ಅಪ್ಪನಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ರಜಿತಾ ಬಂದು ಅವನ ಎದುರು ನಿಂತು ಗಂಟಲನ್ನು ತಟ್ಟಿದಳು. ಅವನು "ಟ್ರುರ್ರ್ ಹೋ" ಎನ್ನಲು ಹೋದ. ಅಳು ಬಂತು. ಅದೂ ಗಂಟಲಿನಲ್ಲಿ ನಡುಗಿತು, ಅವಳಿಗೆ ಅದೂ ಆಗಬಹುದೆನ್ನಿಸಿತು.

"ಏನಾತ್ರಿ?" ಭಾಗ್ಯ ಓಡಿ ಬಂದು ಕೇಳಿದಳು.

"ನಾನು ಸಾಹೇಬ್ರ ಮುಂದ ಒಲ್ಲೆ ಅನ್ನಬೇಕು ಅಂತ ಬಂದಿದ್ದೆ, ಭಾಗ್ಯ."

"ಗೊತ್ತಿತ್ತು" ಎಂದಳು ಭಾಗ್ಯ. "ಬಸ್ಸಿನಾಗ ತುಟಿ ಅಳ್ಳಾಡಸಾಕ ಹತ್ತಿದ್ರಲ್ಲ. ಈಗ?"

ಅವನು ಮಗುವನ್ನು ಎತ್ತಿ ಕುತ್ತಿಗೆಯ ಮೇಲೆ ಕೂರಿಸಿಕೊಂಡು ಮೆಟ್ಟಿಲಿಳಿಯತೊಡಗಿದ.

ಮೂರು ಗಂಟೆಗೆ ಅಧಿಕಾರಿ ಬಂದರು. ಕಾಗದ ಮುಂದಿಟ್ಟು, ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಮೂಗಿನ ತುದಿಯವರೆಗೆ ಅರಿಸಿನ ಮೆತ್ತಿಕೊಂಡ ಮಗುವನ್ನೂ ನೋಡಿದರು. "ಕಿವಿ ಕೇಳ್ಸಂಗಿಲ್ಲ ಅಂತ ಗೊತ್ತದ ಅಲಾ? ಹೊಲ ಮನಿ ಕುರಿ ಅಂತ ಇರೋರು ನೀವು. ಹ್ಯಾಂಗ ಕರೀತೀರಿ ಅಕಿನ್ನ?"

ಭಾಗ್ಯ ಗಂಡನ ತುಟಿ ನೋಡಿದಳು.

"ಕರಿಯೂದು ಅಕಿ ಕೆಲಸರಿ ಸಾಹೇಬ್ರ" ಎಂದ ಭೀಮಶಂಕರ. "ನೋಡೂದು ನನ್ನ ಕೆಲಸ."

ಅಧಿಕಾರಿಗೆ ಅರ್ಥವಾಯಿತೋ ಇಲ್ಲವೋ, ಪೆನ್ನು ಕೊಟ್ಟರು. ಭೀಮಶಂಕರ ಸಹಿ ಮಾಡಿದ. ಸಹಿ ಗೆರೆಬಿಟ್ಟು ಕೆಳಗಿಳಿದು ಪಕ್ಕದ ಚೌಕಕ್ಕೆ ನುಗ್ಗಿತು, ಯಾಕೆಂದರೆ ಅವನ ಕಣ್ಣು ಕಾಗದದ ಮೇಲಿರಲಿಲ್ಲ. ಬಾಗಿಲಲ್ಲಿ ರಜಿತಾ ಕುಕ್ಕರುಗಾಲಿನಲ್ಲಿ ಕೂತು ಎಲ್ಲರ ಚಪ್ಪಲಿ ಜೋಡಿಸುತ್ತಿದ್ದಳು, ಜೋಡಿಗೊಮ್ಮೆ ತಿರುಗಿ ಒಳಗೆ ನೋಡುತ್ತಿದ್ದಳು.